ಮನೆ ಬಿಚ್ಚುವುದು, ಮನೆ ಒಡೆಯುವುದು

ದಿಲ್ಲಿಯಲ್ಲಿ ನಾಲ್ಕು ವರ್ಷ ಸಂಸಾರ ಮಾಡಿದ ಯಾವ ಕನ್ನಡಿಗರಿಗೂ ‘ಮಲಬಾ’ ಎಂಬ ಶಬ್ದದ ಪರಿಚಯ ಮಾಡಿಕೊಡಬೇಕಾಗಿಲ್ಲ. ಗೋಡೆ ಕೆಡವಿದಾಗ ಬೀಳುವ ಇಟ್ಟಿಗೆ ಚೂರು, ಗಾರೆಯ ಹೆಂಟೆ, ಕಿತ್ತ ಟೈಲ್ಸು, ಕಾಂಕ್ರೀಟಿನ ತುಂಡು, ಒಡೆದ ವಾಷ್‌ಬೇಸಿನ್ನು ಎಲ್ಲ ಸೇರಿದರೆ ಮಲಬಾ. ಯಾವ ಗಲ್ಲಿಗೆ ಹೋದರೂ ಅದರ ಒಂದು ಗುಡ್ಡೆ ಇದ್ದೇ ಇರುತ್ತದೆ. ಬೆಳಿಗ್ಗೆ ಹಾಲಿಗೆ ಹೋಗುವವರು ಅದನ್ನು ಬಳಸಿಕೊಂಡು ಹೋಗುತ್ತಾರೆ, ನಾಯಿಗಳು ಅದರ ಮೇಲೆ ಬಿಸಿಲು ಕಾಯಿಸುತ್ತವೆ. ನಮ್ಮ ಭಾಷೆಯಲ್ಲಿ ಇದಕ್ಕೆ ಸರಿಸಾಟಿಯಾದ ಒಂದೇ ಶಬ್ದ ಇಲ್ಲವಲ್ಲ ಎಂದು ನನಗೆ ಬಹಳ ದಿನ ಸೋಜಿಗವಾಗಿತ್ತು. ಕಲ್ಲುಮಣ್ಣು ಎನ್ನುತ್ತೇವೆ, ಬೆಂಗಳೂರಿನ ನನ್ನ ತಂಗಿ ಡೆಬ್ರಿಸ್ ಎನ್ನುತ್ತಾಳೆ, ಪತ್ರಿಕೆಗಳಲ್ಲಿ ‘ಕಟ್ಟಡ ತ್ಯಾಜ್ಯ’ ಎಂದು ಬರುತ್ತದೆ. ಯಾವುದೂ ಮಲಬಾದಷ್ಟು ಸಲೀಸಾಗಿ ನಾಲಿಗೆಗೆ ಬರುವುದಿಲ್ಲ.

ನಮ್ಮ ತೀರ್ಥಹಳ್ಳಿ ಕಡೆಯ ಮಾತನ್ನು ನೆನೆದಾಗ ಇದಕ್ಕೆ ಕಾರಣ ಹೊಳೆಯಿತು. ನಮ್ಮಲ್ಲಿ ‘ಮನೆ ಒಡೆಯಿತು’ ಎಂದರೆ ಅಣ್ಣತಮ್ಮಂದಿರು ಹಿಸ್ಸೆಯಾದರು ಎಂದೇ ಅರ್ಥ. ಕಟ್ಟಡದ ವಿಷಯವಾದರೆ ಯಾರೂ ಒಡೆಯುವುದಿಲ್ಲ, ‘ಮನೆ ಬಿಚ್ಚುತ್ತಾರೆ’. ಗಂಟು ಬಿಚ್ಚಿದ ಹಾಗೆ, ಚಪ್ಪರ ಬಿಚ್ಚಿದ ಹಾಗೆ.

ನಮ್ಮ ಅಜ್ಜನ ಮನೆಯನ್ನು ಬಿಚ್ಚಿದ್ದು 1971ರ ಬೇಸಿಗೆಯಲ್ಲಿ. ನನಗಾಗ ಹತ್ತು ಹನ್ನೊಂದು ವರ್ಷ. ಮೊದಲು ಹಂಚು ಇಳಿಸಿದರು. ಮಾಡಿನ ಮೇಲಿಂದ ನೆಲದವರೆಗೆ ಆಳುಗಳು ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಇಳಿದ ಹಂಚನ್ನು ಅಂಗಳದ ಬದಿಯಲ್ಲಿ ಸಾಲಾಗಿ ನಿಲ್ಲಿಸಿ ಇಡುವ ಕೆಲಸ ಮಕ್ಕಳದ್ದು. ಆಮೇಲೆ ರೀಪು, ಪಕಾಸಿ, ತೊಲೆ, ಕಂಬ, ಬಾಗಿಲು, ದಾರಂದ. ಬಡಗಿ ಒಂದೊಂದಕ್ಕೂ ಸುಣ್ಣದಲ್ಲಿ ಗುರುತು ಹಾಕಿದ್ದ. ಜಂಬಿಟ್ಟಿಗೆಯ ಕಲ್ಲುಗಳನ್ನು ಮಣ್ಣಿನ ಗಾರೆಯಿಂದ ಬಿಡಿಸಿ ತೆಗೆದರು. ಮಣ್ಣಿನ ಗೋಡೆಗಳನ್ನು ಕೆಡವಿ, ಅದೇ ಮಣ್ಣಿಗೆ ನೀರು ಹಾಕಿ ತುಳಿದು ಹೊಸ ಗೋಡೆಗೆ ಉಂಡೆ ಕಟ್ಟಿದರು. ಒಡೆದ ಹಂಚಿನ ಚೂರುಗಳನ್ನು ಕುಟ್ಟಿ ಸುಣ್ಣದ ಜೊತೆ ಸೇರಿಸಿ ಬಚ್ಚಲುಮನೆಯ ನೆಲ ಮಾಡಿದರು. ಎಲ್ಲ ಮುಗಿದ ಮೇಲೆ ಉಳಿದ ಕಲ್ಲುಪುಡಿ ಹತ್ತಾರು ಬುಟ್ಟಿ ಇರಬಹುದು, ಅದು ಗಾಡಿದಾರಿಯ ಹೊಂಡಕ್ಕೆ ಹೋಯಿತು. ಆ ಊರಿನಲ್ಲಿ ಮಲಬಾ ಎಂಬ ಶಬ್ದಕ್ಕೆ ಏನು ಕೆಲಸ?

ಹಳೆಯದೆಲ್ಲ ಹೊನ್ನು ಎಂದು ನಾನು ಹೇಳಹೊರಟಿಲ್ಲ. ಮಳೆಗಾಲ ಬಂತೆಂದರೆ ಆ ಮನೆಯ ಗೋಡೆ ಬೆವರುತ್ತಿತ್ತು, ಗೆದ್ದಲು ವರ್ಷಕ್ಕೊಂದು ಕಂಬ ತಿನ್ನುತ್ತಿತ್ತು, ಅಡಿಗೆಮನೆಯ ಹೊಗೆಯಲ್ಲಿ ನಮ್ಮಜ್ಜಿಯ ಕಣ್ಣು ಹಾಳಾಯಿತು. ಸಿಮೆಂಟಿನ ಮನೆ ಬೇಕೆಂದು ಹಂಬಲಿಸಿದವರು ನಾವೇ. ಆದರೆ ಸಿಮೆಂಟು ಒಂದು ಸಲ ಹಿಡಿದರೆ ಬಿಡುವುದಿಲ್ಲ. ಸಿಮೆಂಟು, ಮರಳು, ಜಲ್ಲಿ, ಕಬ್ಬಿಣ ನಾಲ್ಕೂ ಸೇರಿ ಒಂದೇ ಶರೀರವಾದ ಮೇಲೆ ಅದನ್ನು ಬಿಚ್ಚುವ ಮಾತೇ ಇಲ್ಲ, ಒಡೆಯಲೇಬೇಕು.

ಇದನ್ನು ಕಣ್ಣಾರೆ ನೋಡಿದ್ದು ನಮ್ಮ ನೇತಾಜಿ ನಗರದ ಕ್ವಾರ್ಟರ್ಸಿನಲ್ಲಿ. ನಮ್ಮವರ ನೌಕರಿಯ ಹದಿನೆಂಟು ವರ್ಷ ನಾವು ಅಲ್ಲಿದ್ದೆವು. 2016ರ ಜುಲೈಯಲ್ಲಿ ಕೇಂದ್ರ ಸರ್ಕಾರ ಸರೋಜಿನಿ ನಗರ, ನೌರೋಜಿ ನಗರ, ನೇತಾಜಿ ನಗರ ಮೊದಲಾದ ಏಳು ಕಾಲೊನಿಗಳನ್ನು ಕೆಡವಿ ಎತ್ತರದ ಕಟ್ಟಡಗಳನ್ನು ಕಟ್ಟಲು ಒಪ್ಪಿತು. 2018ರಲ್ಲಿ ಮರ ಕಡಿಯುವುದರ ವಿರುದ್ಧ ಜನ ಬೀದಿಗಿಳಿದದ್ದು, ಹೈಕೋರ್ಟು ತಡೆ ಕೊಟ್ಟದ್ದು ಎಲ್ಲರಿಗೂ ನೆನಪಿರಬೇಕು. ಮರಗಳ ಬಗ್ಗೆ ಆದಷ್ಟು ಮಾತು ಮನೆಗಳ ಬಗ್ಗೆ ಆಗಲಿಲ್ಲ, ಅದು ಸರಿಯೂ ಹೌದು. ಬೇವಿನ ಮರಕ್ಕೆ ಬೆಳೆಯಲು ಬೇಕಾದಷ್ಟು ಕಾಲ ಎರಡು ಕೋಣೆಯ ಕ್ವಾರ್ಟರ್ಸಿಗೆ ಬೇಡ. ಆದರೂ ನಾವಿಬ್ಬರೂ ಒಂದು ಭಾನುವಾರ ಹೋಗಿ ಬೇಲಿಯಾಚೆ ನಿಂತು ನೋಡಿದೆವು.

ಕೆಡವುವ ಕಾಂಟ್ರಾಕ್ಟರು ಕಟ್ಟಡವನ್ನು ದುಡ್ಡು ಕೊಟ್ಟು ಕೊಳ್ಳುವುದುಂಟು ಎಂಬುದು ನನಗೆ ಅಂದೇ ತಿಳಿದದ್ದು. ಅವನ ಜನ ಮೊದಲು ಕಿಟಕಿ, ಬಾಗಿಲು, ಗ್ರಿಲ್ಲು, ಪೈಪು, ವೈರು ತೆಗೆದಿದ್ದರು. ಹೆಂಗಸರು ಕುಕ್ಕರಗಾಲಿನಲ್ಲಿ ಕೂತು ಸಣ್ಣ ಸುತ್ತಿಗೆಯಿಂದ ಒಂದೊಂದೇ ಇಟ್ಟಿಗೆಯ ಗಾರೆ ಕೆರೆದು ಅಟ್ಟಿ ಒಟ್ಟುತ್ತಿದ್ದರು. ಹಳೆಯ ಇಟ್ಟಿಗೆಗೆ ಗಿರಾಕಿ ಇದೆ. ಸ್ಲ್ಯಾಬಿನಿಂದ ಎಳೆದು ತೆಗೆದ ಸರಳನ್ನು ಬಡಿದು ನೇರ ಮಾಡಿ ಕಟ್ಟು ಕಟ್ಟಿದ್ದರು. ಇಷ್ಟರ ಮಟ್ಟಿಗೆ ಅದೂ ಬಿಚ್ಚುವ ಕೆಲಸವೇ. ಬೆಲೆ ಇರುವ ತನಕ ಬಿಚ್ಚುತ್ತಾರೆ. ಯಾವುದಕ್ಕೆ ಬೆಲೆ ಕೊಡುವವರಿಲ್ಲವೋ ಅದು ಮಲಬಾ. ಆ ಇಡೀ ಮೈದಾನದ ತುಂಬ ಬಿದ್ದಿದ್ದದ್ದು ಅದೇ.

ಅದರ ಲೆಕ್ಕ ನಮ್ಮ ಮನೆಗೇ ಬಂದದ್ದು 2024ರ ಫೆಬ್ರವರಿಯಲ್ಲಿ. ನಾವೀಗ ಇರುವುದು ಮಯೂರ ವಿಹಾರದ ಒಂದು ಗ್ರೂಪ್ ಹೌಸಿಂಗ್ ಸೊಸೈಟಿಯಲ್ಲಿ. ನಮ್ಮ ಬಚ್ಚಲಿನ ನೀರು ಕೆಳಗಿನ ಮನೆಯವರ ತಾರಸಿಗೆ ಇಳಿಯುತ್ತಿತ್ತು. ನೆಲ, ಗೋಡೆಯ ಟೈಲ್ಸು ಎಲ್ಲ ಕಿತ್ತು ಹೊಸದು ಹಾಕಿಸುವುದೆಂದಾಯಿತು. ಐದಡಿಗೆ ಏಳಡಿಯ ಬಚ್ಚಲು, ಅದಕ್ಕೆ ತಾಗಿದ ಅಡಿಗೆಮನೆಯ ಕಟ್ಟೆ, ಅಷ್ಟೇ. ಮೂರು ದಿನದ ಒಡೆತದಲ್ಲಿ 43 ಸಿಮೆಂಟು ಚೀಲ ತುಂಬಿತು! ಠೇಕೇದಾರನ ಅಂದಾಜು ಪಟ್ಟಿಯ ಕೊನೆಯಲ್ಲಿ ‘ಮಲಬಾ ಉಠಾಯಿ’ ಎಂದು 1500 ರೂಪಾಯಿ ಬರೆದಿತ್ತು.

“ಇದನ್ನು ಎಲ್ಲಿಗೆ ಕೊಂಡುಹೋಗುತ್ತೀರಿ?” ಎಂದು ಕೇಳಿದೆ.

“ಹೋಗುತ್ತೆ ಆಂಟೀಜಿ, ನೀವ್ಯಾಕೆ ಟೆನ್ಷನ್ ತಗೋತೀರಿ?” ಎಂದ. ಅವನು ಹೇಳಿದ್ದು ಹಿಂದಿಯಲ್ಲಿ, ನಾನು ಕನ್ನಡ ಮಾಡಿದ್ದೇನೆ. ಆದರೆ ‘ಟೆನ್ಷನ್’ ಅವನದೇ.

ಮರುದಿನ ಬಂದವನು ಹೇಸರಗತ್ತೆಯ ಗಾಡಿಯವನು. ದಿಲ್ಲಿಯ ಗಲ್ಲಿಗಳಲ್ಲಿ ಇಂದಿಗೂ ಇಟ್ಟಿಗೆ ತರುವುದೂ ಮಲಬಾ ಒಯ್ಯುವುದೂ ಬಹುಮಟ್ಟಿಗೆ ಈ ಗಾಡಿಗಳೇ. ವಯಸ್ಸಾದ ಮನುಷ್ಯ, ಮಾತು ಕಡಿಮೆ. ಅವನು ಮುಚ್ಚುಮರೆ ಮಾಡಲಿಲ್ಲ. “ಖಾದರ್‌ಗೆ” ಎಂದ.

ಖಾದರ್ ಎಂದರೆ ಯಮುನೆಯ ಮಡಿಲು, ನೆರೆ ಬಂದಾಗ ನದಿ ಹರಡಿಕೊಳ್ಳುವ ತಗ್ಗು ನೆಲ. ನಮ್ಮ ಮನೆಯಿಂದ ಬಹಳ ದೂರವಿಲ್ಲ. ಅಲ್ಲಿ ಗುಂಡಿಗಳಿವೆ, ತುಂಬುವವರಿದ್ದಾರೆ, ಕೇಳುವವರಿಲ್ಲ ಎಂಬುದು ಅವನ ಮಾತಿನ ಸಾರ.

ನಾನು ಚೀಲ ಮುಟ್ಟಬೇಡ ಎಂದೆ. ಕಾನೂನಿನ ಭಯ ಒಂದು ಕಡೆ ಇತ್ತು. ಯಮುನೆಯ ದಂಡೆಯಲ್ಲಿ ಕಟ್ಟಡದ ಕಸ ಸುರಿದವರಿಗೆ 50,000 ರೂಪಾಯಿ ದಂಡ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರ ಜನವರಿಯಲ್ಲೇ ಆಜ್ಞೆ ಮಾಡಿದೆ. ಪೂಜೆಯ ಹೂವು, ಸಾಮಗ್ರಿ ಎಸೆದವರಿಗೂ 5,000 ರೂಪಾಯಿ ಎಂದು ಅದೇ ಆಜ್ಞೆಯಲ್ಲಿದೆ. ಆದರೆ ನನ್ನ ಕಣ್ಣ ಮುಂದೆ ನಿಂತದ್ದು ದಂಡವಲ್ಲ, 2023ರ ಜುಲೈ.

ಆ ಜುಲೈ 13ರಂದು ಯಮುನೆ 208.66 ಮೀಟರಿಗೆ ಏರಿತು. ಅದಕ್ಕೆ ಮೊದಲಿನ ದಾಖಲೆ 1978ರ 207.49 ಮೀಟರು. ಖಾದರಿನ ಜನ ಎಮ್ಮೆ, ಮೇಕೆ, ಮಂಚ, ಗ್ಯಾಸ್ ಸಿಲಿಂಡರು ಹೊತ್ತು ಮೇಲೆ ಬಂದು ನಮ್ಮ ರಸ್ತೆಯ ಪಕ್ಕದಲ್ಲೇ ಟಾರ್ಪಾಲು ಕಟ್ಟಿಕೊಂಡರು. ನಾವು ನಾಲ್ಕಾರು ಕನ್ನಡದ ಮನೆಯವರು ಸೇರಿ ದೊಡ್ಡ ಪಾತ್ರೆಗಳಲ್ಲಿ ಚಿತ್ರಾನ್ನ ಮಾಡಿ ಒಯ್ದಿದ್ದೆವು. ಅದರ ಹುಳಿಖಾರ ಆ ಮಕ್ಕಳಿಗೆ ಹಿಡಿಸಿದ್ದು ನೋಡಿ ನಮಗೇ ಆಶ್ಚರ್ಯ. ಅವರಲ್ಲಿ ಒಬ್ಬಾಕೆ ಚಳಿಗಾಲದಲ್ಲಿ ನಮ್ಮ ಗೇಟಿನ ಮುಂದೆ ಮೂಲಂಗಿ, ಪಾಲಕ್ ಮಾರುವವಳು. “ದೀದಿ, ನೀರು ಮೊದಲೂ ಬರುತ್ತಿತ್ತು. ಬಂದು ಹರಡಿಕೊಂಡು ಹೋಗುತ್ತಿತ್ತು. ಈಗ ಬಂದದ್ದು ನಿಲ್ಲುತ್ತದೆ” ಎಂದಿದ್ದಳು. ಆ ನೆರೆಗೆ ಮಲಬಾ ಒಂದೇ ಕಾರಣ ಎಂದರೆ ತಪ್ಪಾದೀತು. ಬೆಟ್ಟಗಳಲ್ಲಿ ಸುರಿದ ಮಳೆ, ಹಥಿನಿಕುಂಡ್ ಬ್ಯಾರೇಜಿನಿಂದ ಬಿಟ್ಟ ನೀರು, ಹೂಳಿನಲ್ಲಿ ಸಿಕ್ಕಿಕೊಂಡು ತೆರೆಯದೆ ಹೋದ ಐ.ಟಿ.ಓ. ಬ್ಯಾರೇಜಿನ ಬಾಗಿಲುಗಳು, ಎಲ್ಲವೂ ಸೇರಿದ್ದವು. ಆದರೆ ನದಿ ಹರಡಿಕೊಳ್ಳಬೇಕಾದ ತಗ್ಗನ್ನು ಚೀಲ ಚೀಲವಾಗಿ ಎತ್ತರಿಸಿದರೆ ಆ ನೀರು ಎಲ್ಲಿಗೆ ಹೋಗಬೇಕು? ಆಕೆಯ ಪಾಲಕಿನ ಮಡಿಗೆ ನನ್ನ ಬಚ್ಚಲಿನ ಟೈಲ್ಸು ಗೊಬ್ಬರವಂತೂ ಆಗದು.

ಹೀಗಾಗಿ 43 ಚೀಲಗಳು ನಮ್ಮ ಮಹಡಿಯ ಮೆಟ್ಟಿಲ ಬಳಿಯೇ ಕುಳಿತವು. ಒಂದು ದಿನವಲ್ಲ, ಹನ್ನೊಂದು ದಿನ. ಎದುರುಮನೆಯವರು ಮೊದಲು ನಕ್ಕರು, ಆಮೇಲೆ ಸುಮ್ಮನಾದರು, ಆಮೇಲೆ ಸೆಕ್ರೆಟರಿಗೆ ಹೇಳಿದರು. ನಮ್ಮವರಂತೂ, “ನಿನ್ನ ಯಮುನಾ ಭಕ್ತಿಯಲ್ಲಿ ನಾನು ಚೀಲ ದಾಟಿ ಕಾಲು ಮುರಿದುಕೊಳ್ಳುತ್ತೇನೆ” ಎಂದು ದಿನಾ ಎರಡು ಸಲ ಹೇಳುತ್ತಿದ್ದರು.

ದಾರಿ ತೋರಿಸಿದ್ದು ನಮ್ಮ ಭಾವನವರು. ಅಕ್ಕನ ಯಜಮಾನರು, ಸಿ.ಪಿ.ಡಬ್ಲ್ಯು.ಡಿ.ಯಲ್ಲಿ ಇಂಜಿನಿಯರಾಗಿ ನಿವೃತ್ತರಾದವರು, ಯಾವ ಪ್ರಶ್ನೆ ಕೇಳಿದರೂ ನಿಯಮದ ಸಂಖ್ಯೆಯಿಂದ ಉತ್ತರ ಶುರು ಮಾಡುವವರು. ಕೇಂದ್ರ ಪರಿಸರ ಮಂತ್ರಾಲಯ 2016ರ ಮಾರ್ಚ್ 29ರಂದು ಇದಕ್ಕೆಂದೇ ಪ್ರತ್ಯೇಕ ನಿಯಮ ಹೊರಡಿಸಿದೆ. ದಿನಕ್ಕೆ 20 ಟನ್ನು ಅಥವಾ ತಿಂಗಳಿಗೆ 300 ಟನ್ನು ಮೀರಿ ಕಸ ಹೊರಡುವ ದೊಡ್ಡ ಕಾಮಗಾರಿಯವರು ಕಾಂಕ್ರೀಟು, ಮಣ್ಣು, ಕಬ್ಬಿಣ-ಮರ-ಪ್ಲಾಸ್ಟಿಕ್ಕು, ಇಟ್ಟಿಗೆ-ಗಾರೆ ಎಂದು ನಾಲ್ಕು ಪಾಲು ಬೇರೆ ಮಾಡಿಯೇ ಸಾಗಿಸಬೇಕು. 2025ರಲ್ಲಿ ಹೊಸ ನಿಯಮಗಳು ಪ್ರಕಟವಾದವು. 2026ರ ಏಪ್ರಿಲ್ 1ರಿಂದ ಜಾರಿಯಾಗುವ ಇವು 20,000 ಚದರ ಮೀಟರಿಗಿಂತ ದೊಡ್ಡ ಕಟ್ಟಡಗಳವರ ಮೇಲೆ ಮರುಬಳಕೆಯ ಹೊಣೆಯನ್ನೇ ಹೊರಿಸುತ್ತವೆ. ನಮ್ಮಂಥ ಚಿಲ್ಲರೆ ಜನರಿಗೆ ಕಾರ್ಪೊರೇಷನ್ನು ಗೊತ್ತುಮಾಡಿದ ಜಾಗಗಳಿವೆ, ಅಲ್ಲಿಗೆ ತಲುಪಿಸಬೇಕು. ಭಾವನವರೇ ವಿಚಾರಿಸಿ ಒಂದು ಟೆಂಪೊ ಗೊತ್ತುಮಾಡಿದರು. 1500ರ ಕೆಲಸಕ್ಕೆ 2800 ಆಯಿತು. ಹೇಸರಗತ್ತೆಯವನು ಅಷ್ಟು ದೂರ ಬರಲಾರೆ ಎಂದುಬಿಟ್ಟಿದ್ದ. “ಎರಡು ಕಿಲೋಮೀಟರಿನಲ್ಲಿ ಜಾಗ ಮಾಡಿಕೊಡಲಿ, ನಾನೇ ಒಯ್ಯುತ್ತೇನೆ. ಪ್ರಾಣಿಗೂ ಜೀವ ಇದೆಯಲ್ಲ” ಎಂದ ಅವನ ಮಾತಿಗೆ ಭಾವನವರ ಬಳಿಯೂ ನಿಯಮದ ಸಂಖ್ಯೆ ಇರಲಿಲ್ಲ. ಈ ವಿಷಯದಲ್ಲಿ ನಾನು ಅವನ ಕಡೆ. ಕಸ ಹಾಕುವ ಜಾಗ ದೂರ, ನದಿ ಹತ್ತಿರ ಇರುವ ತನಕ ದಂಡದ ಬೋರ್ಡು ಎಷ್ಟು ದೊಡ್ಡದಿದ್ದರೂ ಗಾಡಿ ನದಿಯ ಕಡೆಗೇ ತಿರುಗುತ್ತದೆ.

ಕಳಿಸಿದ್ದು ಮುಂದೆ ಏನಾಗುತ್ತದೆ ಎಂದು ನೋಡುವ ಹಟ ನನಗೆ. ಭಾವನವರು ಹಳೆಯ ಪರಿಚಯದವರ ಮೂಲಕ ಅನುಮತಿ ಪಡೆದು ನಮ್ಮಿಬ್ಬರನ್ನೂ ಬುರಾಡಿಗೆ ಕರೆದೊಯ್ದರು. ಜಹಾಂಗೀರಪುರಿಯ ಹತ್ತಿರ, ಭಲಸ್ವಾದ ಕಸದ ಗುಡ್ಡ ಕಾಣುವ ಜಾಗ. ಮಲಬಾವನ್ನು ಮರಳಿ ಬಳಕೆಗೆ ತರುವ ಕಾರ್ಖಾನೆ ನಮ್ಮ ದೇಶದಲ್ಲಿ ಮೊಟ್ಟಮೊದಲು ಶುರುವಾದದ್ದು ಇಲ್ಲೇ, 2009ರಲ್ಲಿ. ಮೊದಲು ದಿನಕ್ಕೆ 500 ಟನ್ನಿನದು, ಆಮೇಲೆ 2000 ಟನ್ನಿಗೆ ಬೆಳೆಯಿತು. ಮುಂದೆ ಶಾಸ್ತ್ರಿ ಪಾರ್ಕು, ರಾಣಿಖೇಡಾ, ಬಕ್ಕರವಾಲಾಗಳಲ್ಲೂ ಬಂದವು. ದಿಲ್ಲಿಯಲ್ಲಿ ದಿನಕ್ಕೆ ಏಳುವ ಮಲಬಾ ಐದಾರು ಸಾವಿರ ಟನ್ನು ಎಂಬ ಲೆಕ್ಕದ ಮುಂದೆ ಇವು ದೊಡ್ಡವೂ ಹೌದು, ಸಣ್ಣವೂ ಹೌದು.

ಲಾರಿಗಳು ತೂಕದ ಕಟ್ಟೆ ದಾಟಿ ಬಂದು ಸುರಿಯುತ್ತವೆ. ನಾನು ಯಂತ್ರಗಳನ್ನು ನೋಡಲು ಹೋದವಳು, ಮೊದಲು ಕಂಡದ್ದು ಕೈಗಳನ್ನು. ಜನ ರಾಶಿಯಲ್ಲಿ ನಿಂತು ಚಿಂದಿ, ಪ್ಲಾಸ್ಟಿಕ್ಕು, ಕಟ್ಟಿಗೆ ಆರಿಸುತ್ತಿದ್ದರು. ಇಡಿಯ ಇಟ್ಟಿಗೆ ಸಿಕ್ಕರೆ ಬದಿಗೆ. ದೊಡ್ಡ ಕಾಂಕ್ರೀಟು ಬಂಡೆಗಳನ್ನು ಯಂತ್ರದ ಉಳಿ ಕುಟ್ಟಿ ಒಡೆಯುತ್ತದೆ, ಸರಳು ಕತ್ತರಿಸಿ ತೆಗೆಯುತ್ತಾರೆ. ದಪ್ಪ ಕಂಬಿಗಳ ಜರಡಿಯಲ್ಲಿ ಮಣ್ಣು ಕೆಳಗುದುರುತ್ತದೆ. ಉಳಿದದ್ದು ದವಡೆಯಂಥ ಯಂತ್ರದ ಬಾಯಿಗೆ ಬಿದ್ದು ಪುಡಿಯಾಗಿ, ಪಟ್ಟಿಯ ಮೇಲೆ ಹೋಗುವಾಗ ಅಯಸ್ಕಾಂತವೊಂದು ಮೊಳೆ, ತಂತಿಗಳನ್ನು ಎತ್ತಿಕೊಳ್ಳುತ್ತದೆ. ಆಮೇಲೆ ಸ್ನಾನ. ನೀರಿನಲ್ಲಿ ತೊಳೆದಾಗ ಮರದ ಚೂರು, ಥರ್ಮೋಕೋಲು ತೇಲಿ ಬೇರೆಯಾಗುತ್ತವೆ, ಜಲ್ಲಿ ಮರಳು ಬೇರೆ ಬೇರೆ ಗಾತ್ರದ ರಾಶಿಗಳಾಗಿ ಬೀಳುತ್ತವೆ. ಅದೇ ಕೊಳೆನೀರನ್ನು ತಿಳಿಮಾಡಿ ಮತ್ತೆ ಬಳಸುತ್ತಾರೆ. ಅಕ್ಕಿ ಕೇರಿ, ಗಾಳಿಸಿ, ತೊಳೆದ ಹಾಗೆಯೇ. ಅಡಿಗೆಮನೆಯಲ್ಲಿ ಕೈ ಪಳಗಿದವರಿಗೆ ಅಲ್ಲಿ ಬಹಳ ವಿವರಣೆ ಬೇಕಾಗುವುದಿಲ್ಲ. ಕೊನೆಗೆ ಸಿಮೆಂಟು ಬೆರೆಸಿ ಅಚ್ಚಿನಲ್ಲಿ ಒತ್ತಿ ನೆಲಕ್ಕೆ ಹಾಸುವ ಟೈಲು, ಫುಟ್‌ಪಾತಿನ ಅಂಚುಕಲ್ಲು, ಇಟ್ಟಿಗೆ ಮಾಡಿ ನೀರುಣಿಸಿ ಒಣಗಿಸುತ್ತಾರೆ.

ಅಕ್ಕಿಯಲ್ಲಿ ಕಲ್ಲಿದ್ದರೆ ಆರಿಸಬಹುದು, ಸೀಮೆಎಣ್ಣೆ ಚೆಲ್ಲಿದ್ದರೆ ಏನು ಮಾಡುವುದು? ಮಲಬಾದಲ್ಲಿ ಅಂಥ ಸೀಮೆಎಣ್ಣೆ ಎಂದರೆ ನಮ್ಮ ಪಿ.ಓ.ಪಿ. ದಿಲ್ಲಿಯ ಮನೆಗಳಲ್ಲಿ ಫಾಲ್ಸ್ ಸೀಲಿಂಗು, ಗೋಡೆಯ ನುಣುಪು ಎಲ್ಲಕ್ಕೂ ಅದನ್ನೇ ಮೆತ್ತುತ್ತಾರೆ. ಅದು ಜಿಪ್ಸಂ. ಅದರಲ್ಲಿರುವ ಸಲ್ಫೇಟು ಹೊಸ ಕಾಂಕ್ರೀಟಿಗೆ ಸೇರಿದರೆ ಒಳಗೊಳಗೇ ಉಬ್ಬಿಸಿ ಬಿರುಕು ಬಿಡಿಸುತ್ತದೆ. ಒಡೆಯುವಾಗಲೇ ಬೇರೆ ಚೀಲದಲ್ಲಿ ಕಟ್ಟಿದರೆ ಎರಡು ಗಂಟೆಯ ಕೆಲಸ, ಎಲ್ಲ ಒಂದಾಗಿ ಪುಡಿಯಾದ ಮೇಲೆ ಯಾವ ಯಂತ್ರಕ್ಕೂ ಅದು ಸುಲಭವಲ್ಲ. ಒಡೆದದ್ದು ಕಸವಾಗುವುದಿಲ್ಲ, ಬೆರೆಸಿದ್ದು ಕಸವಾಗುತ್ತದೆ ಎಂದು ಭಾವನವರು ಅಲ್ಲಿ ಹೇಳಿದಾಗ ಅಜ್ಜನ ಮನೆಯ ಸುಣ್ಣದ ಗುರುತುಗಳು ನನಗೆ ನೆನಪಾದವು.

ನೋಯಿಡಾದ ಜೋಡಿ ಗೋಪುರಗಳನ್ನು ಬೀಳಿಸಿದ್ದನ್ನು ನಾವೆಲ್ಲ ಟಿ.ವಿ.ಯಲ್ಲಿ ಬಾಯಿ ಬಿಟ್ಟು ನೋಡಿದೆವಲ್ಲ. ಸುಪ್ರೀಂ ಕೋರ್ಟಿನ ಆಜ್ಞೆಯಂತೆ 2022ರ ಆಗಸ್ಟ್ 28ರಂದು, 3700 ಕಿಲೋ ಸ್ಫೋಟಕದಿಂದ, ಒಂಬತ್ತು ಸೆಕೆಂಡಿನಲ್ಲಿ. ಆ ಒಂಬತ್ತು ಸೆಕೆಂಡು ಎಲ್ಲರಿಗೂ ನೆನಪಿದೆ, ಬಿದ್ದದ್ದನ್ನು ಹೊರಲು ತಿಂಗಳುಗಟ್ಟಲೆ ಹಿಡಿದದ್ದು ಯಾರಿಗೂ ನೆನಪಿಲ್ಲ. ಸುಮಾರು 80,000 ಟನ್ನು ಎಂದು ಅಂದಾಜಿತ್ತು. ದೊಡ್ಡ ಪಾಲು ಅದೇ ಕಟ್ಟಡಗಳ ನೆಲಮಾಳಿಗೆ ತುಂಬಲು ಹೋಯಿತು, ಮಿಕ್ಕದ್ದು ನೋಯಿಡಾದ ಇಂಥದೇ ಒಂದು ಘಟಕಕ್ಕೆ.

ಬುರಾಡಿಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ತಯಾರಾಗಿ ಒಟ್ಟಿದ್ದ ಸಾಮಾನಿನ ರಾಶಿ. ಮಾಡುವುದು ಬೇರೆ, ಕೊಳ್ಳುವವರು ಸಿಗುವುದು ಬೇರೆ. ಸರ್ಕಾರದ, ಪುರಸಭೆಗಳ ಕಾಮಗಾರಿಗಳಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತರಷ್ಟು ಇಂಥ ಸಾಮಾನು ಬಳಸಬೇಕೆಂದು 2016ರ ನಿಯಮದಲ್ಲೇ ಮಾತಿತ್ತು. 2019ರಲ್ಲಿ ಉದ್ಘಾಟನೆಯಾದ ಸುಪ್ರೀಂ ಕೋರ್ಟಿನ ಹೊಸ ಕಟ್ಟಡದಲ್ಲಿ ಮಲಬಾದಿಂದ ಮಾಡಿದ ಇಟ್ಟಿಗೆಗಳಿವೆ. ಖಾಸಗಿಯವರ ಮಾತು ಹಾಗಲ್ಲ. ಠೇಕೇದಾರನಿಗೆ ಗೊತ್ತಿರುವುದು ರೋಡಿ ಮತ್ತು ಬದರಪುರ, ಅಂದರೆ ಬೆಟ್ಟ ಒಡೆದ ಜಲ್ಲಿ ಮತ್ತು ಕೆಂಪು ದಪ್ಪ ಮರಳು. ಬದರಪುರ ಎಂಬ ಹೆಸರು ಮಾತ್ರ ದಿಲ್ಲಿಯ ಅಂಚಿನ ಊರಿನದು. ಫರೀದಾಬಾದ್, ಆಗಿನ ಗುರ್‌ಗಾಂವ್, ಮೇವಾತ್‌ಗಳ ಅರಾವಳಿಯಲ್ಲಿ ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟು 2009ರಲ್ಲೇ ನಿಲ್ಲಿಸಿತು. ಈಗ ಕಲ್ಲು ಇನ್ನೂ ದೂರದಿಂದ ಲಾರಿಯಲ್ಲಿ ಬರಬೇಕು. ಒಂದು ಬೆಟ್ಟ ಒಡೆದು ಇಲ್ಲಿಗೆ ತರುತ್ತೇವೆ, ಇಲ್ಲಿಯ ಬೆಟ್ಟವನ್ನು ನದಿಗೆ ಹಾಕುತ್ತೇವೆ.

ನಮ್ಮ ಸೊಸೈಟಿಯ ಒಳದಾರಿಯ ನೆಲಹಾಸು ಕಿತ್ತುಹೋಗಿತ್ತು, ಹೊಸದು ಹಾಕಿಸಲು ಆ ವರ್ಷ ಹಣ ತೆಗೆದಿಟ್ಟಿದ್ದರು. ವಾರ್ಷಿಕ ಸಭೆಯಲ್ಲಿ ನಾನು ಎದ್ದು ನಿಂತು, ಮಲಬಾದಿಂದ ಮಾಡಿದ ಟೈಲನ್ನೇ ಯಾಕೆ ಹಾಕಬಾರದು ಎಂದೆ. ಬೆಲೆಯಲ್ಲಿ ಸ್ವಲ್ಪ ಉಳಿತಾಯವೂ ಇತ್ತು, ಕೊಟೇಶನ್ನು ತೋರಿಸಿದೆ. ಬೆಲೆಯ ಮಾತು ಯಾರೂ ಎತ್ತಲಿಲ್ಲ. ಮೂರನೇ ಮಹಡಿಯ ಹಿರಿಯರೊಬ್ಬರು, “ಜೂಠಾ ಸಾಮಾನು. ಯಾರ ಮನೆಯ ಸಂಡಾಸಿನ ಗೋಡೆಯೋ ಏನೋ” ಎಂದರು. ಜೂಠಾ ಎಂದರೆ ನಮ್ಮ ಎಂಜಲು. ಇನ್ನೊಬ್ಬರು ವಾಸ್ತುಶಾಸ್ತ್ರ ತೆಗೆದರು; ಬಿದ್ದ ಮನೆಯ ಸಾಮಾನು ಹೊಸ ಜಾಗಕ್ಕೆ ತಂದರೆ ಅದರ ದೋಷವೂ ಬರುತ್ತದಂತೆ. ನಮ್ಮವರು ಕೂತಲ್ಲಿಂದಲೇ, “ಸಂಡಾಸಿನದು ಅನ್ನುವುದರಲ್ಲಿ ಅನುಮಾನವೇ ಬೇಡ. ನಮ್ಮದೇ 43 ಚೀಲ ಅದರಲ್ಲಿದೆ” ಎಂದಾಗ ಸಭೆಯಲ್ಲಿ ನಗೆ ಎದ್ದು ಗಾಳಿ ಸ್ವಲ್ಪ ತಿಳಿಯಾಯಿತು.

ನಮ್ಮವರನ್ನೂ ಸೇರಿಸಿ ಹೇಳುತ್ತೇನೆ, ಈ ಎಂಜಲಿನ ಭಾವನೆ ನಮ್ಮೊಳಗೂ ಇದೆ. ಹಳೆಯ ಮನೆಯ ಸಾಗುವಾನಿ ಕಂಬ, ಬಾಗಿಲು ಸಿಕ್ಕರೆ ದುಪ್ಪಟ್ಟು ಬೆಲೆ ಕೊಟ್ಟು ತಂದು ಡ್ರಾಯಿಂಗ್ ರೂಮಿನಲ್ಲಿ ನಿಲ್ಲಿಸುತ್ತೇವೆ. ಆ ಕಂಬಕ್ಕೆ ದೋಷವಿಲ್ಲ, ಅದೇ ಮನೆಯ ಇಟ್ಟಿಗೆ ಪುಡಿಗೆ ದೋಷ! ಸಭೆಯಲ್ಲಿದ್ದ ನಮ್ಮ ಇನ್ನಿಬ್ಬರು ಕನ್ನಡಿಗರನ್ನು ನೋಡಿಕೊಂಡೇ ನಾನು ಕನ್ನಂಬಾಡಿಯ ಮಾತು ತೆಗೆದೆ. ವಿಶ್ವೇಶ್ವರಯ್ಯನವರ ಕಾಲದಲ್ಲಿ, 1911ರಲ್ಲಿ ಕೆಲಸ ಶುರುವಾದ ಕೃಷ್ಣರಾಜಸಾಗರದ ಅಣೆಕಟ್ಟೆಯನ್ನು ಕಟ್ಟಿದ್ದು ಸುರ್ಕಿ ಗಾರೆಯಲ್ಲಿ. ಸುರ್ಕಿ ಎಂದರೆ ಸುಟ್ಟ ಜೇಡಿಯ, ಇಟ್ಟಿಗೆಯ ಪುಡಿ. ಸುಣ್ಣದ ಜೊತೆ ಸೇರಿದರೆ ನೀರಿನೊಳಗೂ ಗಟ್ಟಿಯಾಗುವ ಗುಣ ಅದಕ್ಕಿದೆ. ನಮ್ಮಜ್ಜನ ಬಚ್ಚಲಿನ ನೆಲಕ್ಕೂ ಅದೇ ನ್ಯಾಯ. ಕಾವೇರಿಯನ್ನು ತಡೆದು ನಿಲ್ಲಿಸಿದ ಇಟ್ಟಿಗೆ ಪುಡಿ ನಮ್ಮ ಮಾರುತಿ ಕಾರುಗಳನ್ನು ತಡೆಯಲಾರದೇ?

ಈ ಮಾತಿಗೆ ಕನ್ನಡಿಗರಿಬ್ಬರು ಚಪ್ಪಾಳೆ ತಟ್ಟಿದರು, ಉಳಿದವರಿಗೆ ಕನ್ನಂಬಾಡಿ ಯಾವ ಬಾಡಿ ಎಂದು ತಿಳಿಯಲಿಲ್ಲ. ಸಭೆ ಕೇಳಿದ್ದು ಭಾವನವರ ಮಾತನ್ನು. ಅವರನ್ನು ನಾನೇ ಕರೆಸಿದ್ದೆ. ಅವರು ಯಾವ ಗುಣಗಾನವನ್ನೂ ಮಾಡಲಿಲ್ಲ. ಹಳೆಯ ಕಾಂಕ್ರೀಟಿನ ಜಲ್ಲಿಗೆ ಹಳೆಯ ಗಾರೆ ಅಂಟಿಕೊಂಡೇ ಇರುತ್ತದೆ, ಅದು ಹೆಚ್ಚು ನೀರು ಕುಡಿಯುತ್ತದೆ. ಒಳ್ಳೆಯ ಬೆಟ್ಟದ ಕಲ್ಲು ನೂರಕ್ಕೆ ಒಂದರಷ್ಟು ನೀರು ಹೀರಿದರೆ ಇದು ನಾಲ್ಕೈದರಷ್ಟು ಹೀರಬಹುದು. ಆದ್ದರಿಂದಲೇ ಭಾರತೀಯ ಮಾನಕ ಸಂಸ್ಥೆಯ ಐ.ಎಸ್. 383 ಎಂಬ ಮಾನದಂಡ 2016ರ ಪರಿಷ್ಕರಣೆಯಲ್ಲಿ ಇದಕ್ಕೆ ಬಾಗಿಲು ತೆರೆದರೂ ಸರಪಳಿ ಹಾಕಿಯೇ ತೆರೆದಿದೆ. ಕಬ್ಬಿಣ ಹಾಕಿದ ಕಾಂಕ್ರೀಟಿನಲ್ಲಿ, ಅದೂ ಎಂ-25 ದರ್ಜೆಯವರೆಗೆ ಮಾತ್ರ, ದಪ್ಪ ಜಲ್ಲಿಯ ನೂರಕ್ಕೆ 20 ಪಾಲು; ಕಬ್ಬಿಣವಿಲ್ಲದ್ದರಲ್ಲಿ 25 ಪಾಲು; ತಳಪಾಯದ ಕೆಳಗೆ ಹಾಕುವ ಬಡ ಕಾಂಕ್ರೀಟಿನಲ್ಲಿ ಪೂರ್ತಿ. ಇಟ್ಟಿಗೆ ಬೆರೆತ ಜಲ್ಲಿಯಾದರೆ ಆ ಬಡ ಕಾಂಕ್ರೀಟು ಬಿಟ್ಟು ಮೇಲಕ್ಕೆ ಏರುವಂತಿಲ್ಲ. “ಇದರಲ್ಲಿ ಹತ್ತು ಮಹಡಿಯ ಕಂಬ ಎಬ್ಬಿಸಿ ಎಂದು ನಾನು ಹೇಳುವುದಿಲ್ಲ. ದಾರಿಗೆ ಹಾಸುವ ಟೈಲು ಬೇರೆ ಮಾತು. ಅದಕ್ಕೂ ಪರೀಕ್ಷೆ ಇದೆ. ಪರೀಕ್ಷೆಯ ಕಾಗದ ಕೇಳಿ ತೆಗೆದುಕೊಳ್ಳಿ. ಹೊಸ ಕಲ್ಲಿನ ಟೈಲು ಕೊಳ್ಳುವಾಗ ನಿಮ್ಮಲ್ಲಿ ಯಾರಾದರೂ ಅದನ್ನು ಕೇಳಿದ್ದೀರಾ?” ಎಂದು ಕೂತರು.

ಕೈ ಎತ್ತಿಸಿದಾಗ 31ಕ್ಕೆ 24. ವಾಸ್ತುವಿನವರ ಸಮಾಧಾನಕ್ಕೆ ಗುಡಿಯ ಮುಂದಿನ ಹತ್ತಡಿ ಬಿಟ್ಟು ಉಳಿದ ದಾರಿಗೆ ಎಂದು ತೀರ್ಮಾನವಾಯಿತು. ನನಗೆ ಅದರಲ್ಲಿ ಆಕ್ಷೇಪವಿರಲಿಲ್ಲ, ದೇವರಿಗೂ ಇದ್ದಂತೆ ಕಾಣಲಿಲ್ಲ.

ಟೈಲುಗಳು ನವೆಂಬರಿನಲ್ಲೇ ಬಂದವು. ಆದರೆ ದಿಲ್ಲಿಯ ಗಾಳಿ ಕೆಟ್ಟು, ಪ್ರತಿ ಚಳಿಗಾಲದ ಹಾಗೆ ಕಟ್ಟಡ ಕೆಲಸಗಳಿಗೆಲ್ಲ ತಡೆ ಬಿತ್ತು. ಧೂಳು ಕಡಿಮೆ ಮಾಡಲೆಂದು ತಂದ ಸಾಮಾನು ಧೂಳಿನ ದೆಸೆಯಿಂದಲೇ ಪಾರ್ಕಿಂಗಿನಲ್ಲಿ ಕುಳಿತಿತ್ತು. ಹಾಸಿದ್ದು ಫೆಬ್ರವರಿಯಲ್ಲಿ. ಬೂದು ಬಣ್ಣ, ನೋಡಲು ಮಾಮೂಲಿ ಟೈಲಿನ ಹಾಗೆಯೇ. ಗೊತ್ತಿಲ್ಲದವರಿಗೆ ಗೊತ್ತಾಗುವುದಿಲ್ಲ.

ಮಳೆಗಾಲದಲ್ಲಿ ಗೇಟಿನ ಎಡಮೂಲೆ ಕುಸಿದು ನೀರು ನಿಂತಿತು. ಮೂರನೇ ಮಹಡಿಯ ಹಿರಿಯರು ಬೆಳಿಗ್ಗೆ ಆರು ಗಂಟೆಗೇ ನಮ್ಮ ಬೆಲ್ಲು ಒತ್ತಿ, “ಬಂದು ನೋಡಿ ನಿಮ್ಮ ಜೂಠಾ” ಎಂದರು. ಭಾವನವರಿಗೆ ಫೋನು ಮಾಡಿದೆ. ಅವರು ಬಂದು ಆಳಿನಿಂದ ಆ ಮೂಲೆಯ ಟೈಲು ಎಬ್ಬಿಸಿ ತೋರಿಸಿದರು. ಕೆಳಗಿನ ಮರಳು ಎರಡೂ ಬದಿಯಲ್ಲಿ ಗಟ್ಟಿ, ಆ ಮೂಲೆಯಲ್ಲಿ ಮಾತ್ರ ಹಾಲು ಹೀರಿದ ಅವಲಕ್ಕಿಯ ಹಾಗೆ ಮೆತ್ತಗೆ. ಹಾಸಿದವರು ಅಲ್ಲಿ ದಿಮ್ಮಸು ಹೊಡೆದೇ ಇರಲಿಲ್ಲ. ಹಿರಿಯರು ಬಗ್ಗಿ ಒಂದು ಟೈಲನ್ನು ಕೈಗೆತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು. ಅದರ ಮುರಿಯದ ಅಂಚಿನಲ್ಲಿ ಉಗುರಿನಷ್ಟು ಕೆಂಪು ಇಟ್ಟಿಗೆ ಚೂರು ಕಾಣುತ್ತಿತ್ತು. ಏನೂ ಹೇಳದೆ ಕೆಳಗಿಟ್ಟರು.

ಆಳು ಹೊಸ ಮರಳು ಸುರಿದು, ನೀರು ಚಿಮುಕಿಸಿ, ದಿಮ್ಮಸು ಹೊಡೆದು, ಅದೇ ಒಂಬತ್ತು ಟೈಲುಗಳನ್ನು ಮತ್ತೆ ಕೂರಿಸಿದ. ಅರ್ಧ ಗಂಟೆಯ ಕೆಲಸ. ಕೂಲಿ 300 ರೂಪಾಯಿ, ಅದನ್ನು ಸೊಸೈಟಿಯ ಲೆಕ್ಕಕ್ಕೆ ಹಾಕಿದರು.